ಹೊನ್ನಾವರದಲ್ಲಿ ಮೂರು ದಿನ, ಅಬ್ಬಾನ ಒಂದು ಷರತ್ತು

ಕಾಲೇಜು ಶುರುವಾದ ಮೊದಲ ವಾರದಲ್ಲಿ ಕನ್ನಡ ಮೇಡಂ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರು: "ನಿಮ್ಮಲ್ಲಿ ಸಮುದ್ರ ನೋಡದವರು ಯಾರ್ಯಾರು?" ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹದಿನಾರು ವರ್ಷ ಬೆಂಗಳೂರಿನಲ್ಲೇ ಬೆಳೆದವಳು ನಾನು. ನಾನು ನೋಡಿದ ದೊಡ್ಡ ನೀರೆಂದರೆ ಸ್ಯಾಂಕಿ ಕೆರೆ. ಇನ್ನೊಮ್ಮೆ ಶ್ರೀರಂಗಪಟ್ಟಣಕ್ಕೆ ಹೋದಾಗ ಸೇತುವೆಯ ಮೇಲಿಂದ ಕಾವೇರಿಯನ್ನು ನೋಡಿದ್ದೆ. ಮೇಡಂ ನಗುತ್ತಾ, "ನೋಡಿ ಬಂದ ಮೇಲೆ ನಮ್ಮ ಪತ್ರಿಕೆಗೆ ಬರೆದುಕೊಡು" ಎಂದರು. ಕಳೆದ ಡಿಸೆಂಬರಿನಲ್ಲಿ ನೋಡಿ ಬಂದೆ. ಆದ್ದರಿಂದ ಈ ಲೇಖನ.

ನನ್ನ ಹತ್ತನೇ ತರಗತಿಯ ಪ್ರವಾಸ ಕರಾವಳಿಗೇ ಇತ್ತು. ಹಣ ಕಟ್ಟಿಯಾಗಿತ್ತು, ಒಪ್ಪಿಗೆ ಪತ್ರಕ್ಕೆ ಅಬ್ಬಾನ ಸಹಿ ಒಂದೇ ಬಾಕಿ. ಅಷ್ಟರಲ್ಲಿ, 2024ರ ಡಿಸೆಂಬರಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡ ಸುದ್ದಿ ಬಂತು. ಅವರು ನನ್ನ ವಯಸ್ಸಿನವರು. ಟಿ.ವಿ.ಯಲ್ಲಿ ಅವರ ತಾಯಂದಿರನ್ನು ತೋರಿಸುತ್ತಿದ್ದರು. ಅಬ್ಬಾ ಟಿ.ವಿ. ಆರಿಸಿ, ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನೊಳಗೆ ಇಟ್ಟರು. "ನೀರಿನ ಹತ್ತಿರ ಬೇಡ" ಎಂದರು. ಬೇರೆ ಏನೂ ಹೇಳಲಿಲ್ಲ.

ಅವರ ಈ ಮಾತು ನಮಗೆ ಹೊಸದೂ ಆಗಿರಲಿಲ್ಲ. ನನ್ನ ತಮ್ಮ ಈಜು ಕಲಿಯುತ್ತೇನೆಂದು ಎರಡು ವರ್ಷದಿಂದ ಹಟ ಹಿಡಿದಿದ್ದ. ಪ್ರತಿ ಬೇಸಿಗೆಯಲ್ಲೂ ಅವನಿಗೆ ಸಿಕ್ಕ ಉತ್ತರ ಅದೇ. ಯಾಕೆ ಎಂದು ಕೇಳಿದರೆ ಅಬ್ಬಾ ಎದ್ದು ಹೊರಗೆ ಹೋಗುತ್ತಿದ್ದರು. ನಾವು ಕೇಳುವುದನ್ನೇ ಬಿಟ್ಟಿದ್ದೆವು.

ಹಾಗಿದ್ದ ಅಬ್ಬಾ ಹೊನ್ನಾವರಕ್ಕೆ ಹೊರಡಲು ಕಾರಣ ಅವರ ಹಳೆಯ ಗೆಳೆಯ. ಇಬ್ಬರೂ ಕಾಮಾಕ್ಷಿಪಾಳ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಅಕ್ಕಪಕ್ಕದ ಲೇತ್ ಮೆಷಿನ್ನಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವರು. 2020ರ ಲಾಕ್‌ಡೌನ್‌ನಲ್ಲಿ ಶೆಡ್ಡು ಮುಚ್ಚಿದಾಗ ಅವರು ಊರಿಗೆ ಹೋಗಿ ಅಪ್ಪನ ದೋಣಿ ಹಿಡಿದರು. ನಾವು ಅವರನ್ನು ಮಾಮ ಎನ್ನುತ್ತೇವೆ. ಅಬ್ಬಾ ಅವರನ್ನು "ಅಣ್ಣಾ" ಎನ್ನುತ್ತಾರೆ, ಅವರು ಅಬ್ಬಾನನ್ನು "ಭಾಯ್" ಎನ್ನುತ್ತಾರೆ. ಪ್ರತಿ ವರ್ಷ ಫೋನಿನಲ್ಲಿ ಕರೆಯುತ್ತಿದ್ದರು. ಈ ವರ್ಷ ಅವರ ಹೊಸ ಮನೆಯಾಯಿತು. "ಭಾಯ್, ಈ ಸಲ ಬರ್ಲಿಲ್ಲ ಅಂದ್ರೆ ನಾನು ನಿಮ್ಮನೆಗೆ ಕಾಲೇ ಇಡೂದಿಲ್ಲ" ಎಂದುಬಿಟ್ಟರು. ಅಬ್ಬಾ ಒಪ್ಪಿದರು. ಆದರೆ ಟಿಕೆಟ್ ಮಾಡಿಸುವ ಮೊದಲು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಷರತ್ತು ಹಾಕಿದರು: "ನೀರು ಪಾದಕ್ಕಿಂತ ಮೇಲೆ ಬರಬಾರದು. ಬಂದರೆ ಅದೇ ದಿನ ವಾಪಸ್." ನಾನು ಹೂಂ ಎಂದೆ. ತಮ್ಮ ಮುಖ ಸಣ್ಣ ಮಾಡಿಕೊಂಡು ಹೂಂ ಎಂದ.

ಕ್ರಿಸ್ಮಸ್ ರಜೆಯ ಹಿಂದಿನ ಸಂಜೆ ವಿಜಯನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಶುಕ್ರವಾರಕ್ಕೆ ನಾನು ರಜೆ ಚೀಟಿ ಕೊಟ್ಟಿದ್ದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಎಲ್ಲವನ್ನೂ ಎಣಿಸುತ್ತೇನೆಂದು ತಮ್ಮ ಹೇಳಿದ. ಕತ್ತಲಲ್ಲಿ ಸುರಂಗ ಯಾವುದು, ಕಾಡು ಯಾವುದು ಎಂದು ಸದ್ದಿನಿಂದ ಮಾತ್ರ ಗೊತ್ತಾಗುತ್ತಿತ್ತು. ಹದಿನಾಲ್ಕಕ್ಕೆ ಅವನು ನಿದ್ದೆ ಹೋದ. ಬೆಳಗಿನ ಜಾವ ನನಗೆ ಎಚ್ಚರವಾದಾಗ ಅಬ್ಬಾ ಕಿಟಕಿಯ ಪಕ್ಕ ಕೂತಿದ್ದರು. ನಿಲ್ದಾಣದ ಹಳದಿ ಫಲಕದ ಮೇಲೆ "ಮುರುಡೇಶ್ವರ" ಎಂದಿತ್ತು. ಅವರು ನನ್ನ ಕಡೆ ನೋಡಿ ಮತ್ತೆ ಹೊರಗೆ ನೋಡಿದರು.

ಹೊನ್ನಾವರ ನಿಲ್ದಾಣಕ್ಕೆ ಮಾಮ ಬಂದಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಗಾಳಿಯಲ್ಲಿ ಉಪ್ಪು ಮತ್ತು ಒಣಮೀನಿನ ವಾಸನೆ. ಅಮ್ಮಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ಎರಡನೇ ದಿನಕ್ಕೆ ಆ ವಾಸನೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮೊದಲ ದಿನ ಮಾಮ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಲಿಲ್ಲ. "ಮೊದ್ಲು ಹೊಳೆ ನೋಡಿ, ಆಮೇಲೆ ಕಡಲು" ಎಂದರು. ಹೊನ್ನಾವರ ಶರಾವತಿ ನದಿ ಅರಬ್ಬಿ ಸಮುದ್ರ ಸೇರುವ ಊರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಗೆ ನಿಂತು, ಜೋಗದಲ್ಲಿ 253 ಮೀಟರ್ ಕೆಳಗೆ ಬಿದ್ದು, ವಿದ್ಯುತ್ತನ್ನೂ ಕೊಟ್ಟು ಬರುವ ಅದೇ ಶರಾವತಿ. ಜೋಗದ ಚಿತ್ರದಲ್ಲಿ ಅಷ್ಟು ಅಬ್ಬರಿಸುವ ನದಿ ಇಲ್ಲಿ ಅಗಲವಾಗಿ, ನಿಧಾನವಾಗಿ ಇರುತ್ತದೆ. ಅದರ ಮೇಲೆ ಕೊಂಕಣ ರೈಲ್ವೆಯ ಸೇತುವೆ ಇದೆ. 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದ, ಆ ಇಡೀ ಮಾರ್ಗದಲ್ಲಿ ಇದೇ ಅತಿ ಉದ್ದದ ಸೇತುವೆ. ನಾವು ದೋಣಿಯಲ್ಲಿ ಅದರ ಹತ್ತಿರ ಹೋದಾಗ ಒಂದು ಗೂಡ್ಸ್ ರೈಲು ದಾಟಿತು. ಡಬ್ಬಿಗಳನ್ನು ಎಣಿಸುವುದೇ ತಮ್ಮನಿಗೆ ಕೆಲಸವಾಯಿತು.

ದೋಣಿ ಹತ್ತುವ ಮೊದಲು ಮಾಮ ನಾಲ್ವರಿಗೂ ಲೈಫ್ ಜಾಕೆಟ್ ಕೊಟ್ಟರು. ನನ್ನದು ಹಾಕಿಕೊಂಡು ಬಕಲ್ ಹಾಕಿದೆ. ಅವರು ಎರಡು ಬೆರಳಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದರು. ಜಾಕೆಟ್ ಗದ್ದದವರೆಗೆ ಬಂತು. "ಇದು ಫೋಟೋಕ್ಕೆ ಹಾಕಿದ ಹಾಗಾಯ್ತು. ನೀರಿಗೆ ಬಿದ್ರೆ ಜಾಕೆಟ್ ಮೇಲೆ, ನೀನು ಕೆಳಗೆ" ಎಂದು ಪಟ್ಟಿ ಬಿಗಿ ಮಾಡಿದರು. ಆಮೇಲೆ ಅಬ್ಬಾನ ಹತ್ತಿರ ಹೋಗಿ ಹಾಗೇ ಎಳೆದು ನೋಡಿದರು. ಅಬ್ಬಾ ಮೊದಲೇ ಉಸಿರುಕಟ್ಟುವಷ್ಟು ಬಿಗಿದುಕೊಂಡಿದ್ದರು.

ನದಿಯ ಅಂಚಿನಲ್ಲಿ ಕಾಂಡ್ಲಾ ಗಿಡಗಳು. ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಮ್ಯಾಂಗ್ರೋವ್ ಎಂದು ಓದುತ್ತೇವಲ್ಲ, ಅದೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಎರಡು ವಾಕ್ಯಗಳನ್ನು ಅಂದು ಕಣ್ಣಾರೆ ನೋಡಿದೆ. ಕೆಸರಿನಿಂದ ಮೇಲಕ್ಕೆ ಪೆನ್ಸಿಲ್‌ಗಳಂತೆ ನಿಂತ ಉಸಿರಾಟದ ಬೇರುಗಳು, ಮತ್ತು ಕೊಂಬೆಯಲ್ಲಿರುವಾಗಲೇ ಮೊಳಕೆಯೊಡೆದು ಕೋಲಿನಂತೆ ಇಳಿಬಿದ್ದ ಬೀಜಗಳು. ಕಾಸರಕೋಡಿನ ಬಳಿ ಈ ಗಿಡಗಳ ನಡುವೆ ಅರಣ್ಯ ಇಲಾಖೆ ಮರದ ಹಲಗೆಯ ಕಾಲುಹಾದಿ ಮಾಡಿದೆ. ನಿಧಾನವಾಗಿ, ಮಾತಾಡದೆ ನಡೆದರೆ ಕೆಳಗೆ ಕೆಸರಲ್ಲಿ ಏಡಿಗಳು ಬಿಲದಿಂದ ಹೊರಬರುವುದು ಕಾಣುತ್ತದೆ. ಜೋರಾಗಿ ಕಾಲಿಟ್ಟರೆ ಎಲ್ಲವೂ ಒಂದೇ ಸಲ ಮಾಯ. ಮೀನಿನ ಮರಿಗಳು ಬೆಳೆಯುವುದು ಈ ಬೇರುಗಳ ಸಂದಿಯಲ್ಲೇ ಎಂದು ಮಾಮ ಹೇಳಿದರು. "ಕಾಂಡ್ಲಾ ಕಡಿದ್ರೆ ನನ್ನ ಬಲೆ ಖಾಲಿ" ಎಂದರು.

ಬೆಳಿಗ್ಗೆ ಮುಳುಗಿದ್ದ ಬೇರುಗಳು ಮಧ್ಯಾಹ್ನ ಹೊರಗೆ ಕಾಣುತ್ತಿದ್ದವು. ನದಿಯ ನೀರು ಇಷ್ಟು ಬೇಗ ಕಡಿಮೆಯಾಯಿತೇ ಎಂದು ಕೇಳಿದೆ. ಇಲ್ಲಿ ನದಿಯೂ ಸಮುದ್ರದ ಮಾತು ಕೇಳುತ್ತದಂತೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಮಾಮನ ಮನೆಯಲ್ಲಿ ಗೋಡೆ ಗಡಿಯಾರ ಇದೆ. ಆದರೆ ಯಾವಾಗ ಹೊರಡಬೇಕೆಂದು ಅವರು ನೋಡುವುದು ಹೊಳೆಯ ಕಡೆಗೆ.

ಆ ರಾತ್ರಿ ಮಾಮಿ ಬಂಗುಡೆ ಸಾರು, ಬಳಚಿನ ಪಲ್ಯ ಮಾಡಿದ್ದರು. ಊಟದ ಮೇಲೆ ಜಗಲಿಯಲ್ಲಿ ಕೂತಾಗ, ನಮ್ಮ ಇತಿಹಾಸದ ಸರ್ ಹೇಳಿದ್ದ ಒಂದು ಸಂಗತಿಯನ್ನು ಎಲ್ಲರಿಗೂ ಹೇಳಿದೆ. 1340ರ ದಶಕದಲ್ಲಿ ಇಬ್ನ್ ಬತೂತಾ ಎಂಬ ಪ್ರವಾಸಿ ಇದೇ ಹೊನ್ನಾವರಕ್ಕೆ ಬಂದಿದ್ದರು. ಅವರು ಹುಟ್ಟಿದ್ದು ಮೆಡಿಟರೇನಿಯನ್ ಸಮುದ್ರದ ಬಾಯಿಯ ಬಳಿ ಇರುವ ಮೊರೊಕ್ಕೊದ ತಾಂಜಿಯರ್ ಪಟ್ಟಣದಲ್ಲಿ. 21ನೇ ವಯಸ್ಸಿನಲ್ಲಿ ಮನೆ ಬಿಟ್ಟವರು. ಊರನ್ನು "ಹಿನೌರ್" ಎಂದು ಬರೆದರು. ಈ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು ಇದ್ದವು ಎಂದೂ, ಬೇರೆಲ್ಲೂ ಹಾಗೆ ನೋಡಿಲ್ಲ ಎಂದೂ ದಾಖಲಿಸಿದರು. ಸುಮಾರು 680 ವರ್ಷಗಳ ಹಿಂದೆ, ಹುಡುಗಿಯರಿಗೆ 13 ಶಾಲೆ! ಅಮ್ಮಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅವರು ಏಳನೇ ತರಗತಿಗೆ ಶಾಲೆ ಬಿಟ್ಟವರು.

ಮಾಮನಿಗೂ ಒಂದು ಕಥೆ ಇತ್ತು. ಶರಾವತಿಯ ಮೇಲ್ಗಡೆ ಗೇರುಸೊಪ್ಪೆ ಇದೆ. 16ನೇ ಶತಮಾನದಲ್ಲಿ ಅಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಘಟ್ಟದ ಮೆಣಸು ಇದೇ ಹೊಳೆಯಲ್ಲಿ ಇಳಿದು ಕಡಲಿಗೆ ಹೋಗುತ್ತಿತ್ತು. ನಾವು ಬೆಳಿಗ್ಗೆ ಸುಮ್ಮನೆ ತೇಲಿದ ನೀರಿನಲ್ಲಿ ಅಷ್ಟೆಲ್ಲ ನಡೆದಿತ್ತು.

ನಾನು ಇಬ್ನ್ ಬತೂತಾನ ಕಥೆ ಮುಂದುವರಿಸಿದೆ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಅವರ ಜೊತೆಯವರಿದ್ದ ಹಡಗು ಒಡೆದುಹೋಯಿತು. ಅಂದು ದಡದಲ್ಲಿದ್ದದ್ದರಿಂದ ಅವರು ಉಳಿದರು. ಎಲ್ಲವನ್ನೂ ಕಳೆದುಕೊಂಡು ಅವರು ಮತ್ತೆ ಹೊನ್ನಾವರಕ್ಕೇ ಬಂದರು. "ಆಮೇಲೆ?" ಎಂದು ಅಬ್ಬಾ ಕೇಳಿದರು. ಅಷ್ಟು ಹೊತ್ತು ಅವರು ಕೇಳಿಸಿಕೊಳ್ಳುತ್ತಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. "ಆಮೇಲೆ ಮತ್ತೆ ಹಡಗು ಹತ್ತಿದರು. ಮಾಲ್ಡೀವ್ಸ್‌ಗೆ ಹೋದರು" ಎಂದೆ. ಅಬ್ಬಾ ಏನೂ ಹೇಳಲಿಲ್ಲ.

ಎರಡನೇ ದಿನ ಬೆಳಿಗ್ಗೆ ಕಾಸರಕೋಡಿನ ಕಡಲತೀರಕ್ಕೆ ಹೋದೆವು. ಗಾಳಿಮರಗಳ ತೋಪು ದಾಟಿದೊಡನೆ ಎದುರಿಗೆ ಸಮುದ್ರ. ನಾನು ಅಂದುಕೊಂಡದ್ದಕ್ಕಿಂತ ಸದ್ದು ಹೆಚ್ಚಿತ್ತು. ಅಮ್ಮಿ ಚಪ್ಪಲಿ ಬಿಟ್ಟು ಸುಮ್ಮನೆ ನಿಂತುಬಿಟ್ಟರು. "ಇಷ್ಟೊಂದು ನೀರು" ಎಂದು ಒಂದೇ ಮಾತು ಹೇಳಿದರು. ನಲವತ್ತು ವರ್ಷಕ್ಕೆ ಅವರು ಮೊದಲ ಸಲ ನೋಡುತ್ತಿದ್ದರು.

ಈ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತು. ಫ್ರಾನ್ಸಿನಲ್ಲಿ 1985ರಲ್ಲಿ ಶುರುವಾದ ಯೋಜನೆ ಇದು. ಸ್ಪೇನ್, ಗ್ರೀಸ್, ಟರ್ಕಿಯಂಥ ಮೆಡಿಟರೇನಿಯನ್ ದೇಶಗಳಲ್ಲಿ ಇಂಥ ತೀರಗಳು ಬಹಳ ಇವೆ. ನೀರಿನ ಶುದ್ಧತೆ, ಶೌಚಾಲಯ, ಕಸದ ವಿಲೇವಾರಿ, ಜೀವರಕ್ಷಕರು ಹೀಗೆ 33 ಮಾನದಂಡಗಳನ್ನು ನೋಡಿ ಬಾವುಟ ಕೊಡುತ್ತಾರೆ. ಬಾವುಟ ಇರುವ ಜಾಗ ಪೂರ್ತಿ ತೀರವಲ್ಲ, ಅದರ ಒಂದು ಭಾಗ ಮಾತ್ರ. ಅದರಾಚೆ ಕಣ್ಣು ಹಾಯುವವರೆಗೂ ಮರಳು ಇದೆ, ಕಾಯುವವರು ಇಲ್ಲ.

ಮಾಮ ನಮ್ಮನ್ನು ಮೊದಲು ನೀರಿಗೆ ಬಿಡಲಿಲ್ಲ. ಸ್ವಲ್ಪ ಎತ್ತರದ ಮರಳಿನ ಮೇಲೆ ಕೂರಿಸಿ, "ಹತ್ತು ನಿಮಿಷ ಬರೀ ನೋಡಿ. ಎಲ್ಲಿ ಇಳಿದ್ರೆ ಒಳ್ಳೇದು, ನೀವೇ ಹೇಳಿ" ಎಂದರು. ಎಡಕ್ಕೂ ಬಲಕ್ಕೂ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ನಡುವೆ ಒಂದು ರಸ್ತೆಯಷ್ಟು ಅಗಲದ ಜಾಗದಲ್ಲಿ ಅಲೆಯೇ ಇರಲಿಲ್ಲ. ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿತ್ತು. ನಾನೂ ತಮ್ಮನೂ ಅದನ್ನೇ ತೋರಿಸಿದೆವು. ಅಮ್ಮಿಯೂ ತಲೆಯಾಡಿಸಿದರು.

"ಎಲ್ಲರೂ ಅದನ್ನೇ ತೋರಿಸ್ತಾರೆ. ಜನ ಹೋಗೂದೂ ಅಲ್ಲೇ" ಎಂದರು ಮಾಮ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಅಲೆಗಳು ನೀರನ್ನು ದಡಕ್ಕೆ ತಂದು ಹಾಕುತ್ತಲೇ ಇರುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವೆ ಆಳವಾದ ಒಂದು ಕಾಲುವೆ ಹುಡುಕಿಕೊಂಡು ಜೋರಾಗಿ ಸಮುದ್ರದ ಕಡೆ ಓಡುತ್ತದೆ. ಇದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ. ಅದಕ್ಕೇ ನೋಡುವವರಿಗೆ ಅದು ಸುರಕ್ಷಿತವಾಗಿ ಕಾಣುತ್ತದೆ. ಗಮನಿಸಿದರೆ ನೊರೆ, ಎಲೆ, ಮರಳಿನ ಬಣ್ಣದ ನೀರು ದಡದಿಂದ ಹೊರಕ್ಕೆ ಸಾಗುವುದು ಗೊತ್ತಾಗುತ್ತದೆ. ಅದು ನಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ. ಹೆದರಿ ನೇರ ದಡದ ಕಡೆ ಈಜಲು ಹೋದವರು ಸುಸ್ತಾಗಿ ಮುಳುಗುತ್ತಾರೆ.

"ಸಿಕ್ಕಿಕೊಂಡ್ರೆ ಏನು ಮಾಡ್ಬೇಕು ಮಾಮ?" ಎಂದು ತಮ್ಮ ಕೇಳಿದ.

"ಅದ್ರ ಜೊತೆ ಜಗಳ ಮಾಡೂದಲ್ಲ. ಅಂಗಾತ ಮಲಗಿ ತೇಲು, ಕೈ ಎತ್ತಿ ಕೂಗು. ಈಜು ಬಂದ್ರೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಹೋಗು, ಸೆಳೆತ ಬಿಟ್ಟ ಮೇಲೆ ಅಲೆ ಒಡೆಯೂ ಕಡೆಯಿಂದ ವಾಪಸ್ ಬಾ. ದಡದಲ್ಲಿದ್ದವ್ರು ಹಿಂದೇ ಹಾರೂದಲ್ಲ. ಒಬ್ಬನನ್ನ ಎಳೀಲಿಕ್ಕೆ ಹೋಗಿ ನಾಲ್ಕು ಜನ ಹೋಗೂದು ಹಾಗೇ. ಹಗ್ಗ ಎಸೀಬೇಕು. ಇಲ್ದಿದ್ರೆ ತೇಲೂದು ಏನಾದ್ರೂ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಸಾಕು, ಒಬ್ಬ ಮನುಷ್ಯನ್ನ ಹಿಡಿದು ನಿಲ್ಲಿಸ್ತದೆ."

ಮಾಮನ ಕ್ಯಾನ್ ಮಾತು ಮುಗಿಯುವಷ್ಟರಲ್ಲಿ ಅಬ್ಬಾ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತರು.

ಅದೇ ಹೊತ್ತಿಗೆ ಬಾವುಟದ ಜಾಗದಿಂದ ದೂರ, ಆ ಕಪ್ಪು ನೀರಿನ ಹತ್ತಿರ ಏಳೆಂಟು ಹುಡುಗರು ಚೆಂಡಾಡುತ್ತಿದ್ದರು. ಚೆಂಡು ನೀರಿಗೆ ಬಿತ್ತು. ಒಬ್ಬ ಅದರ ಹಿಂದೆ ಹೊರಟು ಸೊಂಟದವರೆಗೆ ಇಳಿದ. ಮಾಮ ಎದ್ದು ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹಾಕಿದರು. "ಬಿಡು! ಚೆಂಡು ಬಿಡು! ಮೇಲೆ ಬಾ!" ಎಂದು ಕೂಗುತ್ತಾ ಓಡಿದರು. ಹುಡುಗ ತಿರುಗಿ ನೋಡಿದ, ಅನುಮಾನಿಸಿದ, ಮೇಲೆ ಬಂದ. ನಾವೆಲ್ಲ ಚೆಂಡನ್ನೇ ನೋಡುತ್ತಾ ನಿಂತೆವು. ಅದು ಕೆಂಪು ಬಣ್ಣದ ಪ್ಲಾಸ್ಟಿಕ್ ಚೆಂಡು. ಯಾರೋ ದಾರ ಕಟ್ಟಿ ಎಳೆದ ಹಾಗೆ ನೇರ ಹೊರಕ್ಕೆ ಹೋಯಿತು. ಅಲೆಗಳು ಒಡೆಯುವ ಸಾಲನ್ನು ದಾಟಿತು. ಒಂದೆರಡು ನಿಮಿಷದಲ್ಲಿ ಕೆಂಪು ಚುಕ್ಕೆಯಾಯಿತು, ಆಮೇಲೆ ಕಾಣಲಿಲ್ಲ. ಹುಡುಗರು ಯಾರೂ ಮಾತಾಡಲಿಲ್ಲ. ತಿರುಗಿ ನೋಡಿದರೆ ಅಬ್ಬಾ ಮರಳಿನ ಮೇಲೆ ಕೂತುಬಿಟ್ಟಿದ್ದರು. ಅವರ ಕೈ ನಡುಗುತ್ತಿತ್ತು.

ಅಂದು ನಾವು ಯಾರೂ ನೀರಿಗೆ ಇಳಿಯಲಿಲ್ಲ.

ರಾತ್ರಿ ಅಬ್ಬಾ ಊಟ ಸರಿಯಾಗಿ ಮಾಡಲಿಲ್ಲ. ಜಗಲಿಯಲ್ಲಿ ಕೂತು, ನಾವು ಯಾರೂ ಕೇಳದೆಯೇ ಹೇಳತೊಡಗಿದರು. ಅವರಿಗೆ ಹದಿನಾಲ್ಕು ವರ್ಷವಾಗಿದ್ದಾಗ, ಅವರ ಚಾಚಾನ ಮಗ ಮತ್ತು ಅವರು ಒಂದೇ ಸೈಕಲ್ಲಿನಲ್ಲಿ ರೇಷನ್ ಸೀಮೆಎಣ್ಣೆ ತರಲು ಹೋಗಿದ್ದರು. ಅಂಗಡಿ ತೆರೆದಿರಲಿಲ್ಲ. ಬಿಸಿಲು. ಮಾಗಡಿ ರಸ್ತೆಯಾಚೆ ಹಳೆಯ ಕಲ್ಲು ಕ್ವಾರಿಯ ಹೊಂಡದಲ್ಲಿ ಮಳೆನೀರು ತುಂಬಿತ್ತು. ಅಣ್ಣ ಅಂಗಿ, ಚಪ್ಪಲಿ ಬಿಚ್ಚಿ ಇವರ ಕೈಗೆ ಕೊಟ್ಟು ಇಳಿದ. ಕ್ವಾರಿಯಲ್ಲಿ ಇಳಿಜಾರು ಇರುವುದಿಲ್ಲ, ಎರಡನೇ ಹೆಜ್ಜೆಗೇ ಆಳ. ಅಬ್ಬಾ ಚಪ್ಪಲಿ ಹಿಡಿದುಕೊಂಡೇ ರಸ್ತೆಗೆ ಓಡಿ ಜನರನ್ನು ಕರೆತಂದರು. ಅಷ್ಟರಲ್ಲಿ ತಡವಾಗಿತ್ತು.

"ಸೈಕಲ್ಲಿಗೆ ಕ್ಯಾನ್ ಕಟ್ಟಿತ್ತು" ಎಂದರು ಅಬ್ಬಾ. "ಸೀಮೆಎಣ್ಣೆ ಕ್ಯಾನ್. ಖಾಲಿ. ಮುಚ್ಚಳವೂ ಇತ್ತು. ಅದನ್ನ ಎಸೀಬಹುದು ಅಂತ ನನಗೆ ಗೊತ್ತಿರಲಿಲ್ಲ."

ಅಮ್ಮಿಗೂ ಈ ವಿಷಯ ಗೊತ್ತಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷ. ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಯ್, ಹದಿನಾಲ್ಕು ವರ್ಷದ ಹುಡುಗನಿಗೆ ಯಾರು ಹೇಳಿಕೊಡ್ತಾರೆ? ನನಗೆ ಅಪ್ಪ ಹೇಳಿಕೊಟ್ಟ, ನಾವು ನೀರಲ್ಲೇ ಹುಟ್ಟಿದವ್ರು ಅಂತ. ನಿಮಗೆ ಹೇಳೂರು ಯಾರೂ ಇರ್ಲಿಲ್ಲ" ಎಂದರು. ಅಬ್ಬಾ ಕಣ್ಣೊರೆಸಿಕೊಂಡರು. ತಮ್ಮ ಎದ್ದು ಹೋಗಿ ಅವರ ತೊಡೆಗೆ ಒರಗಿ ಕೂತ. ಎರಡು ವರ್ಷದಿಂದ ಈಜಿಗಾಗಿ ಹಟ ಹಿಡಿದಿದ್ದವನು ಅಂದು ಒಂದು ಮಾತೂ ಆಡಲಿಲ್ಲ.

ಮೂರನೇ ದಿನ ಅಪ್ಸರಕೊಂಡಕ್ಕೆ ಹೋದೆವು. ಊರಿನಿಂದ ಸುಮಾರು 8 ಕಿ.ಮೀ. ಒಂದು ಚಿಕ್ಕ ಜಲಪಾತ, ಕೆಳಗೆ ಮರಗಳ ನೆರಳಿನಲ್ಲಿ ಕೊಳ. ಮೇಲೆ ಗುಡ್ಡದ ಅಂಚಿಗೆ ಹೋದರೆ ಕಡಲು ಪೂರ್ತಿ ಕಾಣುತ್ತದೆ. ಈ ಭಾಗದ ಕಡಲನ್ನು ಈಚೆಗೆ ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿದೆ. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಕಾಸರಕೋಡಿನ ಟೊಂಕದ ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ಮೊಟ್ಟೆ ಒಡೆಯಲು ಒಂದೂವರೆ ಎರಡು ತಿಂಗಳು ಬೇಕು. ಮರಿಗಳು ಹೊರಬಂದು ಬೆಳಕಿರುವ ಕಡೆ ನಡೆಯುತ್ತವೆ. ಹಾಗಾಗಿ ರಾತ್ರಿ ತೀರದಲ್ಲಿ ಟಾರ್ಚ್, ಮೊಬೈಲ್ ಬೆಳಕು ಹಾಕಬಾರದು ಎಂದು ಮಾಮಿ ಹೇಳಿದರು. ಗುಡ್ಡದ ಮೇಲಿನಿಂದ ನೋಡಿದಾಗ ನಾನು ನಿನ್ನೆ ಕಲಿತದ್ದನ್ನು ಹುಡುಕಿದೆ. ಎತ್ತರದಿಂದ ಅದು ಇನ್ನೂ ಸ್ಪಷ್ಟ. ಬಿಳಿ ಅಲೆಗಳ ಸಾಲಿನ ನಡುವೆ ಅಲ್ಲಲ್ಲಿ ಕಪ್ಪು ಸಂದಿಗಳು. "ಅಬ್ಬಾ, ಅಲ್ಲಿ ಒಂದು. ಅಲ್ಲಿ ಇನ್ನೊಂದು" ಎಂದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಅದರ ಪಕ್ಕ ಇನ್ನೂ ಒಂದು ಇದೆ, ನಿನಗೆ ಕಾಣಲಿಲ್ಲ" ಎಂದರು.

ರೈಲು ರಾತ್ರಿಗೆ. ಸಂಜೆ ಕೊನೆಯ ಸಲ ಕಡಲಿಗೆ ಹೋದೆವು, ಜೀವರಕ್ಷಕರು ಇರುವ ಜಾಗಕ್ಕೇ. ಮಾಮಿ ನನ್ನ ದುಪಟ್ಟಾವನ್ನು ಸೊಂಟಕ್ಕೆ ಗಟ್ಟಿಯಾಗಿ ಕಟ್ಟಿದರು. ಉದ್ದ ಬಟ್ಟೆ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಹುಡುಗಿಯರು ಬೀಳುವುದು ಅದರಿಂದಲೇ ಎಂದರು. ನಾನು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರಿ, ನಿಂತಲ್ಲೇ ನಾನು ಹೋಗುತ್ತಿದ್ದೇನೆ ಅನಿಸಿತು. ಹೆದರಿಕೆಯಾಯಿತು, ಖುಷಿಯೂ ಆಯಿತು. ಷರತ್ತು ನೆನಪಿತ್ತು. ಹಿಂದೆ ತಿರುಗಿ ನೋಡಿದೆ.

ಅಬ್ಬಾ ಪ್ಯಾಂಟು ಮಡಚುತ್ತಿದ್ದರು.

ಬಂದು ನನ್ನ ಪಕ್ಕ ನಿಂತರು. ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿ. ಮಾಮ ಅವರ ಇನ್ನೊಂದು ಕಡೆ, ತಮ್ಮ ಮಾಮನ ಕೈ ಹಿಡಿದು. "ಅಲೆ ಬರುವಾಗ ಅದಕ್ಕೆ ಬೆನ್ನು ತೋರಿಸಬೇಡಿ, ಒಂದು ಕಾಲು ಮುಂದೆ ಇಡಿ" ಎಂದರು ಮಾಮ. ನಾಲ್ಕು ಹೆಜ್ಜೆ ಮುಂದೆ ಹೋದೆವು. ನೀರು ಮೊಣಕಾಲಿಗೆ ಬಂತು. ಅಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿದೆವು. ಅಮ್ಮಿ ದಡದಲ್ಲಿ ಎಲ್ಲರ ಚಪ್ಪಲಿ ಇಟ್ಟುಕೊಂಡು ಕೂತಿದ್ದರು. ಅಬ್ಬಾ ಒಮ್ಮೆ ತಿರುಗಿ ಆ ಚಪ್ಪಲಿಗಳನ್ನು ನೋಡಿದರು. ಆಮೇಲೆ ಅಮ್ಮಿಯನ್ನೂ ಕರೆದರು.

ಬೆಂಗಳೂರಿಗೆ ಬಂದ ಎರಡನೇ ವಾರ ಅಬ್ಬಾ ತಮ್ಮನನ್ನು ಈಜುಕೊಳಕ್ಕೆ ಸೇರಿಸಿದರು. ಹೆಂಗಸರಿಗೆ ಬೇರೆ ಸಮಯ, ಹೇಳಿಕೊಡಲು ಮಹಿಳಾ ಕೋಚ್ ಇರುವ ಕೊಳವೊಂದನ್ನು ವಿಚಾರಿಸಿ ನನ್ನನ್ನೂ ಅಮ್ಮಿಯನ್ನೂ ಸೇರಿಸಿದರು. ನನಗೆ ಈಗ ಹತ್ತು ನಿಮಿಷ ತೇಲಲು ಬರುತ್ತದೆ. ಅಮ್ಮಿಗೆ ಹದಿನೈದು. ಅಬ್ಬಾ ಇನ್ನೂ ಸೇರಿಲ್ಲ. ಆದರೆ ತಮ್ಮ ಈಜುವಾಗ ಹೊರಗೆ ಬೆಂಚಿನ ಮೇಲೆ ಕೂತು ಪೂರ್ತಿ ಒಂದು ಗಂಟೆ ನೋಡುತ್ತಾರೆ. ಮೊದಲ ದಿನ ಹತ್ತು ನಿಮಿಷಕ್ಕೆ ಎದ್ದುಹೋಗಿದ್ದರು.

ಕೊನೆಗೆ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಒಂದು ವಿನಂತಿ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ನೀರಿನ ಬಗ್ಗೆ ಹೇಳಿಕೊಡುವವರು ಇಲ್ಲ. ನಾವು ಬಯಲುಸೀಮೆಯ ಊರಿನ ಮಕ್ಕಳು. ಪ್ರವಾಸಕ್ಕೆ ಹೊರಡುವ ಮೊದಲು ಒಂದು ಪೀರಿಯಡ್ ಇದಕ್ಕೆ ಕೊಡಿ. ಕೆಂಪು ಬಾವುಟ ಇದ್ದರೆ ಇಳಿಯಬಾರದು, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಜೀವರಕ್ಷಕರು ಕಾಯುತ್ತಾರೆ, ಅಲೆಯಿಲ್ಲದ ಕಪ್ಪು ನೀರು ಒಳ್ಳೆಯ ಜಾಗವಲ್ಲ, ಮುಳುಗುವವರ ಹಿಂದೆ ಹಾರಬಾರದು. ಇಷ್ಟು ಹೇಳಲು ನಲವತ್ತೈದು ನಿಮಿಷ ಸಾಕು. ಬೇಕಾದರೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಲು ನಾನು ಸಿದ್ಧ.

ಈ ವರ್ಷದ ಪ್ರವಾಸದ ಒಪ್ಪಿಗೆ ಪತ್ರ ಮೊನ್ನೆ ಮನೆಗೆ ತೆಗೆದುಕೊಂಡು ಹೋದೆ. ಅಬ್ಬಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಮಾಡಿದರು. ಸಹಿಯ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: "ಬಸ್ಸಿನಲ್ಲಿ ಉದ್ದದ ಹಗ್ಗ ಮತ್ತು ಮುಚ್ಚಳ ಇರುವ ಖಾಲಿ ಕ್ಯಾನ್ ಇಡಿ. ಇಲ್ಲದಿದ್ದರೆ ತಿಳಿಸಿ, ನಾನು ತಂದುಕೊಡುತ್ತೇನೆ."